ಕಾರ್ಕ್ ತೆಗೆಯೋಕೆ ಮರ ಕಡಿಯಬೇಕಾ?

ಓದುಗರ ಪ್ರಶ್ನೆ: ಕ್ರಿಕೆಟ್ ಚೆಂಡಿನ ಒಳಗಿರುವ ಕಾರ್ಕ್ ನಮ್ಮ ಬೀದಿಯ ಬಿರಟೆ ಮರದ್ದೇನಾ? ಅದಕ್ಕಾಗಿ ಮರ ಕಡಿಯುತ್ತಾರಾ?

ಎರಡೂ ಅಲ್ಲ. ನಮ್ಮ ಬಿರಟೆ ಮರ ಅಂದರೆ ಆಕಾಶಮಲ್ಲಿಗೆ. ಅದರ ತೊಗಟೆಯೂ ಬೆಂಡಿನ ಹಾಗೆ ಇರುವುದರಿಂದ ಆ ಹೆಸರು ಬಂತು, ಅಷ್ಟೇ. ನಿಜವಾದ ಕಾರ್ಕ್ ಬರುವುದು ಕಾರ್ಕ್ ಓಕ್ ಎಂಬ ನಿತ್ಯಹಸಿರು ಮರದಿಂದ. ಪೋರ್ಚುಗಲ್, ಸ್ಪೇನ್, ಮೊರಾಕೊ, ಅಲ್ಜೀರಿಯಾ, ಟುನೀಶಿಯಾ, ಜೊತೆಗೆ ಇಟಲಿ, ಫ್ರಾನ್ಸ್‌ಗಳ ಕೆಲವು ಕಡೆ ಇದು ಬೆಳೆಯುತ್ತದೆ. ಜಗತ್ತಿನ ಕಾರ್ಕ್‌ನಲ್ಲಿ ಸುಮಾರು ಅರ್ಧ ಪೋರ್ಚುಗಲ್ ಒಂದರದ್ದೇ. ಅಲ್ಲಿನ ಅಲೆಂತೇಜು ಸೀಮೆಯಲ್ಲಿ ಮರಗಳು ದೂರ ದೂರ ನಿಂತಿರುತ್ತವೆ, ನಡುವೆ ದನ, ಕುರಿ ಮೇಯುತ್ತವೆ.

ಮರ ಕಡಿಯುವುದಿಲ್ಲ, ಹೊರಗಿನ ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಬೇಸಿಗೆಯಲ್ಲಿ ಮರ ಚುರುಕಾಗಿ ಬೆಳೆಯುವಾಗ ತೊಗಟೆ ಸಲೀಸಾಗಿ ಬಿಡುತ್ತದೆ. ಕೊಡಲಿಯಿಂದ ಉದ್ದಕ್ಕೆ ಸೀಳುತ್ತಾರೆ. ಆಮೇಲೆ ಕೊಡಲಿ ಕಾವಿನ ಚೂಪು ತುದಿಯನ್ನು ಸಂದಿಗೆ ತೂರಿಸಿ ಮೆಲ್ಲಗೆ ಮೀಟುತ್ತಾರೆ. ತೊಗಟೆ ಬಾಗಿದ ಹಲಗೆಯ ಹಾಗೆ ಕಳಚಿಕೊಳ್ಳುತ್ತದೆ, ಒಳಗಿನ ಕಾಂಡ ಕೆಂಪಗೆ ಕಾಣುತ್ತದೆ. ಏಟು ಸ್ವಲ್ಪ ಜಾಸ್ತಿ ಆಳಕ್ಕೆ ಬಿದ್ದರೂ ಜೀವಂತ ಪದರಕ್ಕೆ ಗಾಯ. ಅದಕ್ಕೇ ಪಳಗಿದ ಕೈಗಳಿಗೆ ಮಾತ್ರ ಈ ಕೆಲಸ ಕೊಡುತ್ತಾರೆ. ನನಗಂತೂ ಈ ಎಚ್ಚರಿಕೆ ತುಂಬ ಇಷ್ಟ.

ಇಷ್ಟು ಜತನ ಯಾಕೆ ಅಂದರೆ, ಮೊದಲ ಸುಲಿತಕ್ಕೇ ಮರಕ್ಕೆ ಸುಮಾರು 25 ವರ್ಷ ಆಗಬೇಕು. ಆಮೇಲೆ ಪೋರ್ಚುಗಲ್‌ನಲ್ಲಿ 9 ವರ್ಷಕ್ಕೊಮ್ಮೆ ಸುಲಿಯಬಹುದು. ಮೊದಲ ಎರಡು ಸಲದ ತೊಗಟೆ ಒರಟು. ವೈನ್ ಬಾಟಲಿಯ ಬಿರಟೆಗೆ ಒಗ್ಗುವುದು ಮೂರನೆಯ ಸಲದ್ದು. ಅಷ್ಟರಲ್ಲಿ ಮರಕ್ಕೆ 40 ದಾಟಿರುತ್ತದೆ! ಅಂಥ ಮರವನ್ನು ಒಂದು ದಿನದಲ್ಲಿ ಉರುಳಿಸಿಬಿಟ್ಟರೆ ಹೇಗೆ, ಅಲ್ವಾ? ಹಾಗಾಗಿ ಪೋರ್ಚುಗಲ್‌ನಲ್ಲಿ ಸ್ವಂತ ಜಮೀನಿನ ಕಾರ್ಕ್ ಓಕ್ ಕಡಿಯಲೂ ಸರ್ಕಾರದ ಅನುಮತಿ ಬೇಕು. 2011ರಲ್ಲಿ ಅದನ್ನು ರಾಷ್ಟ್ರೀಯ ಮರ ಅಂತಲೂ ಘೋಷಿಸಿದರು.

ಆ ಕಡೆ ಹೋದರೆ ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಒಂದು ಅಂಕಿ ಕಾಣುತ್ತದೆ. ಅದು ಸುಲಿದ ವರ್ಷದ ಕೊನೆಯ ಅಂಕಿ. 2024ರಲ್ಲಿ ಸುಲಿದ ಮರದ ಮೇಲೆ 4 ಇರುತ್ತದೆ. ಆ ಮರಕ್ಕೆ ಮತ್ತೆ ಕೊಡಲಿ ತಾಗುವುದು 2033ರಲ್ಲಿ.