ರದ್ದಾದ ಕಲಂ ಠಾಣೆಯಲ್ಲಿ ಉಳಿದದ್ದು ಹೇಗೆ?

ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು, ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ, ಸಂವಿಧಾನಬಾಹಿರವೆಂದು ಸಾರಿ ರದ್ದುಪಡಿಸಿತು. ಕಿರಿಕಿರಿ ಅಥವಾ ಅನನುಕೂಲ ಉಂಟುಮಾಡುವ ಸಂದೇಶ ಕಳಿಸಿದವರನ್ನೂ ಮೂರು ವರ್ಷಗಳವರೆಗೆ ಸೆರೆಗೆ ತಳ್ಳಲು ಅವಕಾಶವಿದ್ದ ಕಲಂ ಅದು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನ ಇಬ್ಬರು ಯುವತಿಯರನ್ನು ಫೇಸ್‌ಬುಕ್ ಬರಹವೊಂದರ ಕಾರಣಕ್ಕೆ ಬಂಧಿಸಿದಾಗ ದೇಶದ ಗಮನ ಅದರತ್ತ ಹರಿದಿತ್ತು. ವಿಚಿತ್ರವೆಂದರೆ, ತೀರ್ಪು ಬಂದು ಆರು ವರ್ಷ ಕಳೆದ ಮೇಲೂ ಹಲವು ರಾಜ್ಯಗಳ ಪೊಲೀಸರು ಅದೇ ಕಲಮಿನಡಿ ಎಫ್‌ಐಆರ್ ದಾಖಲಿಸುತ್ತಿದ್ದಾರೆಂದು ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್ 2021ರಲ್ಲಿ ಅದೇ ನ್ಯಾಯಾಲಯದ ಮುಂದೆ ಹೇಳಬೇಕಾಯಿತು.

ಸುಪ್ರೀಂ ಕೋರ್ಟ್ ಸಾರಿದ ಕಾನೂನು ಎಲ್ಲ ನ್ಯಾಯಾಲಯಗಳಿಗೂ ಬದ್ಧವೆಂದು ಸಂವಿಧಾನದ 141ನೇ ವಿಧಿ ಹೇಳುತ್ತದೆ. ಆದರೆ ನ್ಯಾಯಾಲಯ ರದ್ದುಪಡಿಸಿದ ಮಾತ್ರಕ್ಕೆ ಕಲಂ ಮುದ್ರಿತ ಕಾಯ್ದೆಯಿಂದ ಅಳಿಸಿಹೋಗುವುದಿಲ್ಲ. ಅದನ್ನು ತೆಗೆಯಬೇಕಾದದ್ದು ಸಂಸತ್ತು. ಪುಸ್ತಕದಲ್ಲಿ ಕಲಂ ಹಾಗೆಯೇ ಇದ್ದು, ರದ್ದಾದ ಸಂಗತಿ ಅಡಿಟಿಪ್ಪಣಿಯಲ್ಲಷ್ಟೇ ಇದೆ ಎಂದು ಅಂದಿನ ಅಟಾರ್ನಿ ಜನರಲ್ ಅವರೇ ನ್ಯಾಯಾಲಯಕ್ಕೆ ತಿಳಿಸಿದ್ದರು. ದೂರು ಬಂದೊಡನೆ ಕಲಂ ಹುಡುಕಿ ಬರೆಯುವ ಠಾಣಾ ಸಿಬ್ಬಂದಿ ಅಡಿಟಿಪ್ಪಣಿಯವರೆಗೆ ಕಣ್ಣು ಹಾಯಿಸುತ್ತಾರೆಂದು ನಂಬುವುದು ಕಷ್ಟ.

ಪೊಲೀಸರನ್ನಷ್ಟೇ ದೂರಿ ಸುಮ್ಮನಾಗುವುದು ನನಗೆ ಸರಿಕಾಣುವುದಿಲ್ಲ. ದೋಷಾರೋಪಪಟ್ಟಿ ಸಲ್ಲಿಕೆಯಾದ ಮೇಲೆ ಅದನ್ನು ಪರಿಶೀಲಿಸಿ ಸಂಜ್ಞಾನ ತೆಗೆದುಕೊಳ್ಳುವವರು, ಅಂದರೆ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸುವವರು, ಮ್ಯಾಜಿಸ್ಟ್ರೇಟರು. ಸರ್ಕಾರದ ಪರವಾಗಿ ಮೊಕದ್ದಮೆ ನಡೆಸುವವರು ಕಾನೂನು ಓದಿದ ಸರ್ಕಾರಿ ಅಭಿಯೋಜಕರು. ಅಸ್ತಿತ್ವದಲ್ಲೇ ಇಲ್ಲದ ಅಪರಾಧಕ್ಕೆ ಸಮನ್ಸ್ ಹೊರಡುವುದನ್ನು ಅಲ್ಲಿಯೇ ತಡೆಯಬಹುದಿತ್ತು. ತಡೆಯದಿದ್ದಾಗ ಆರೋಪಿಯು ಜಾಮೀನಿಗೆ ಓಡಾಡಿ, ಪ್ರಕರಣ ರದ್ದತಿಗಾಗಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಗುತ್ತದೆ. ಕಲಬುರಗಿ, ಧಾರವಾಡಗಳಲ್ಲಿ ಪೀಠಗಳಿರುವುದರಿಂದ ಉತ್ತರ ಕರ್ನಾಟಕದವರಿಗೆ ಬೆಂಗಳೂರಿನ ಪ್ರಯಾಣ ಉಳಿಯಬಹುದು, ವಕೀಲರ ಶುಲ್ಕವೂ ಕಳೆದುಹೋದ ದಿನಗೂಲಿಯೂ ಉಳಿಯುವುದಿಲ್ಲ. ಕೊನೆಗೆ ಪ್ರಕರಣ ಬಿದ್ದುಹೋದರೂ ಆ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ತೀರ್ಪಿನ ಪ್ರತಿಯನ್ನು ಪೊಲೀಸ್ ಇಲಾಖೆಗಳಿಗೆ ತಲುಪಿಸಬೇಕೆಂದು 2019ರಲ್ಲಿ ಆದೇಶವಾಯಿತು. 2021ರ ಜುಲೈನಲ್ಲಿ ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆಯಿತು. ಅದೂ ಸಾಲದೆ, 66ಎ ಅಡಿ ಯಾರನ್ನೂ ವಿಚಾರಣೆಗೆ ಒಳಪಡಿಸಕೂಡದೆಂದು 2022ರ ಅಕ್ಟೋಬರ್ 12ರಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ಆದೇಶಿಸಿತು. ಸಂಸತ್ತು ಜನವಿಶ್ವಾಸ ಕಾಯ್ದೆಯ ಮೂಲಕ ಆ ಕಲಮನ್ನು ಕೈಬಿಟ್ಟದ್ದು 2023ರಲ್ಲಿ, ಅಂದರೆ ತೀರ್ಪು ಬಂದ ಎಂಟು ವರ್ಷಗಳ ಬಳಿಕ.

ಈ ಅವಧಿಯಲ್ಲಿ ತೀರ್ಪನ್ನು ಧಿಕ್ಕರಿಸುತ್ತೇವೆಂದು ಯಾವ ಸರ್ಕಾರವೂ ಹೇಳಲಿಲ್ಲ. ಹೇಳಿದ್ದರೆ ನ್ಯಾಯಾಂಗ ನಿಂದನೆಯ ಅರ್ಜಿಯಾದರೂ ಹಾಕಬಹುದಿತ್ತು. ದೆಹಲಿಯ ತೀರ್ಪನ್ನು ಠಾಣೆಯ ಮೇಜಿನವರೆಗೆ ಒಯ್ಯುವ ಹೊಣೆ ನಿರ್ದಿಷ್ಟವಾಗಿ ಯಾರದೂ ಆಗಿರಲಿಲ್ಲ ಎಂಬುದೇ ಇಲ್ಲಿನ ತೊಡಕು. ಎಫ್‌ಐಆರ್‌ಗಳು ಈಗ ಸಿಸಿಟಿಎನ್‌ಎಸ್ ಎಂಬ, ದೇಶದ ಪೊಲೀಸ್ ಠಾಣೆಗಳನ್ನು ಜೋಡಿಸುವ ತಂತ್ರಾಂಶದ ಮೂಲಕವೇ ದಾಖಲಾಗುವುದರಿಂದ, ಯಾವುದೇ ಕಲಂ ರದ್ದಾದ ದಿನವೇ ಅದನ್ನು ಆ ತಂತ್ರಾಂಶದ ಕಲಮುಗಳ ಪಟ್ಟಿಯಿಂದ ತೆಗೆಯುವ ಹೊಣೆಯನ್ನು ಒಬ್ಬ ನಿರ್ದಿಷ್ಟ ಅಧಿಕಾರಿಗೆ ವಹಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಸಾಕು.