ಪದ ಪರಿಚಯ: ಹಿಂಡಿದ ಎದೆಹಾಲು

ತಾಯಿ ಕೈಯಿಂದಲೋ ಪಂಪ್‌ನಿಂದಲೋ ಹಿಂಡಿ ತೆಗೆದು, ಟ್ಯೂಬ್, ಒಳಲೆ (ಮೂತಿಯಿರುವ ಪುಟ್ಟ ಪಾತ್ರೆ) ಅಥವಾ ಚಮಚದಲ್ಲಿ ಮಗುವಿಗೆ ಕೊಡುವ ಹಾಲೇ ಹಿಂಡಿದ ಎದೆಹಾಲು. ನವಜಾತ ಶಿಶುಗಳ ಐಸಿಯುಗಳಲ್ಲಿ ಇದನ್ನು ‘ಇಬಿಎಂ’ ಎನ್ನುತ್ತಾರೆ. ಕೇಸ್ ಶೀಟಿನಲ್ಲಿ ‘ಇಬಿಎಂ 15 ಮಿ.ಲೀ., 2 ಗಂಟೆಗೊಮ್ಮೆ’ ಎಂದು ಬರೆದಿದ್ದರೆ ದಿನಕ್ಕೆ 12 ಸಲ ಅಷ್ಟು ಹಾಲು ಮಗುವಿನ ಹೊಟ್ಟೆ ಸೇರಬೇಕು ಎಂದರ್ಥ. ಕೆಲಸಕ್ಕೆ ಹೋಗುವ ತಾಯಂದಿರೂ ಹಾಲು ಹಿಂಡಿಟ್ಟು ಹೋಗುತ್ತಾರೆ. ಇಲ್ಲಿ ಹೇಳುತ್ತಿರುವುದು ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಿಷಯ. ಅವರಲ್ಲಿ ಬಹಳ ಎಳೆಯವರಿಗೆ ತಾಯಿಯ ಹಾಲು ಸಿಗಲು ಬೇರೆ ದಾರಿಯೇ ಇಲ್ಲ.

37 ವಾರ ತುಂಬುವ ಮುನ್ನ ಹುಟ್ಟಿದ ಮಗು ಅವಧಿಪೂರ್ವ ಶಿಶು. ಹಾಲು ಕುಡಿಯಬೇಕಾದರೆ ಮಗು ಚೀಪಬೇಕು, ನುಂಗಬೇಕು, ನಡುನಡುವೆ ಉಸಿರೂ ಎಳೆದುಕೊಳ್ಳಬೇಕು. ಈ ಮೂರೂ ಒಂದಕ್ಕೊಂದು ಹೊಂದಿಕೊಳ್ಳುವುದು ಸುಮಾರು 34 ವಾರಕ್ಕೆ. ಅದಕ್ಕೂ ಮೊದಲು ಬಾಯಿಗೆ ಹಾಲು ಸುರಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು, ಉಸಿರೇ ನಿಂತುಹೋಗಬಹುದು. ಹೀಗಾಗಿ 28 ವಾರಕ್ಕಿಂತ ಮೊದಲು ಹುಟ್ಟಿದ ಮಗುವಿಗೆ ರಕ್ತನಾಳದ ಮೂಲಕ ಪೋಷಣೆ, ಜೊತೆಗೆ ಟ್ಯೂಬ್‌ನಲ್ಲಿ ಅತಿ ಕಡಿಮೆ ಹಾಲು, 28ರಿಂದ 31 ವಾರದವರಿಗೆ ಟ್ಯೂಬ್, 32ರಿಂದ 34 ವಾರದವರಿಗೆ ಒಳಲೆ ಅಥವಾ ಚಮಚ, ಅಲ್ಲಿಂದಾಚೆಗೆ ಎದೆ. ಇದು ಸ್ಥೂಲ ಲೆಕ್ಕ. ಮಗುವಿನ ಉಸಿರಾಟ ಮತ್ತು ಎಚ್ಚರ ನೋಡಿ ಇದನ್ನು ಬದಲಿಸುತ್ತಾರೆ. ತೂಕವೊಂದನ್ನೇ ನೋಡಿದರೆ ದಾರಿ ತಪ್ಪುತ್ತದೆ: 31 ವಾರದ 1800 ಗ್ರಾಂ ಮಗುವಿಗೆ ಚೀಪಲು ಬಾರದೆ, 35 ವಾರದ 1500 ಗ್ರಾಂ ಮಗು ಚೆನ್ನಾಗಿ ಚೀಪುವುದುಂಟು.

ತೊಡಕು ಇರುವುದು ಇಲ್ಲೇ. ಎದೆಯಲ್ಲಿ ಹಾಲು ಕುದುರುವುದು ಹೆರಿಗೆಯಾದ ಮೊದಲ ಎರಡು ವಾರಗಳಲ್ಲಿ, ಅದೂ ಎದೆ ಪದೇಪದೇ ಖಾಲಿಯಾಗುತ್ತಿದ್ದರೆ ಮಾತ್ರ. ಮಗುವಿಗೆ ಚೀಪಲು ಬಾರದಿರುವುದೂ ಅವೇ ವಾರಗಳಲ್ಲಿ. ಎದೆಯಲ್ಲಿ ಹಾಲು ತುಂಬಿ ನಿಂತಷ್ಟೂ ಹೊಸ ಹಾಲು ತಯಾರಾಗುವುದು ಕಡಿಮೆಯಾಗುತ್ತದೆ. ತಿಂಗಳಾದ ಮೇಲೆ ಮಗು ಎದೆಗೆ ಬರುವ ಹೊತ್ತಿಗೆ ‘ಇವಳಿಗೆ ಹಾಲೇ ಇಲ್ಲ’ ಎಂಬ ಮಾತು ಕೇಳಿಬಂದರೆ, ಬಹಳ ಸಲ ಅದರ ಕಾರಣ ಮೊದಲ ವಾರದಲ್ಲಿ ಆಕೆಯ ಪಕ್ಕ ಕುಳಿತು ಹಿಂಡಲು ಯಾರೂ ಕಲಿಸದೇ ಇದ್ದದ್ದು. ಆ ಹೊರೆಯನ್ನು ತಾಯಿಯ ಮೇಲೆ ಹೊರಿಸುವುದು ಅನ್ಯಾಯ.

ಹಿಂಡುವುದನ್ನು ಹೆರಿಗೆಯಾದ ಒಂದು ಗಂಟೆಯೊಳಗೇ ಶುರುಮಾಡುವುದು ಒಳ್ಳೆಯದು. ಸಿಸೇರಿಯನ್ ಆಗಿದ್ದರೂ ಆರು ಗಂಟೆ ದಾಟಿಸಬಾರದು. ಆಮೇಲೆ ದಿನಕ್ಕೆ 8ರಿಂದ 12 ಸಲ, ಅದರಲ್ಲಿ ಒಂದಾದರೂ ಸಲ ನಡುರಾತ್ರಿಯ ನಂತರ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಹೊತ್ತು ಹೆಚ್ಚಿರುತ್ತದೆ. ಮೊದಲು ಕೈಯನ್ನು ಸೋಪಿನಿಂದ ತೊಳೆದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಕೆಲವು ನಿಮಿಷ ಇಟ್ಟು, ಬೆರಳಿನಿಂದ ಹಗುರವಾಗಿ ನೀವಬೇಕು. ಆಮೇಲೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಬರುವಂತೆ, ತೊಟ್ಟಿನಿಂದ ಸುಮಾರು 3-4 ಸೆಂ.ಮೀ. ಹಿಂದೆ ಇಡಬೇಕು. ಮೊದಲು ಎದೆಗೂಡಿನ ಕಡೆಗೆ ಒತ್ತಿ, ಬಳಿಕ ಎರಡೂ ಬೆರಳು ಸೇರುವಂತೆ ಅದುಮಿ, ಬಿಡಬೇಕು. ಒತ್ತು, ಅದುಮು, ಬಿಡು, ಇಷ್ಟೇ ಲಯ. ಬೆರಳು ಚರ್ಮದ ಮೇಲೆ ಜಾರಿದರೆ ಉರಿಯುತ್ತದೆ. ತೊಟ್ಟನ್ನೇ ಹಿಸುಕಿದರೆ ಹಾಲು ಬರುವುದಿಲ್ಲ, ನೋವು ಮಾತ್ರ ಬರುತ್ತದೆ. ಹರಿವು ನಿಧಾನವಾದಾಗ ಬೆರಳುಗಳನ್ನು ಸುತ್ತ ತಿರುಗಿಸಿ ಬೇರೆ ಭಾಗ ಅದುಮಬೇಕು; 3ರಿಂದ 5 ನಿಮಿಷಕ್ಕೊಮ್ಮೆ ಎದೆ ಬದಲಿಸುತ್ತ ಒಟ್ಟು 20-30 ನಿಮಿಷ. ಮಗುವಿನ ಪಕ್ಕದಲ್ಲಿ ಕುಳಿತು, ಅದನ್ನು ನೋಡುತ್ತ ಅಥವಾ ಮುಟ್ಟುತ್ತ ಹಿಂಡಿದರೆ ಹಾಲು ಬೇಗ ಇಳಿಯುತ್ತದೆ. ನೋವು, ಹೆದರಿಕೆ ಹಾಲಿನ ಇಳಿತವನ್ನು ತಡೆಯುತ್ತವೆ. ಹೊಲಿಗೆಯ ನೋವಿಗೆ ವೈದ್ಯರು ಕೊಟ್ಟ ಮಾತ್ರೆಯನ್ನು ಸಮಯಕ್ಕೆ ತೆಗೆದುಕೊಳ್ಳುವುದೂ ಅದಕ್ಕೇ ಮುಖ್ಯ.

ಮೊದಲ ಎರಡು ದಿನ ಬರುವುದು ಹನಿಗಳ ಲೆಕ್ಕದಲ್ಲಿ. ಅದು ಸಹಜ, ಅದು ಸೋಲಲ್ಲ. ಹಳದಿ ಬಣ್ಣದ ಆ ಗಿಣ್ಣುಹಾಲನ್ನು ಬಟ್ಟಲಿಗೆ ಹಿಂಡಿದರೆ ಅಂಚಿಗೇ ಅಂಟಿಕೊಂಡು ಹೋಗುತ್ತದೆ. ತೊಟ್ಟಿನ ತುದಿಯಿಂದಲೇ 1 ಮಿ.ಲೀ. ಸಿರಿಂಜ್‌ಗೆ ಎಳೆದುಕೊಳ್ಳಬೇಕು. ಹಾಲು ಶುರುಮಾಡಲಾಗದಷ್ಟು ಎಳೆಯ ಮಗುವಿಗೂ ಅನೇಕ ಐಸಿಯುಗಳಲ್ಲಿ ಅದನ್ನು ಒಂದೊಂದು ಕೆನ್ನೆಯ ಒಳಗೆ 0.1 ಮಿ.ಲೀ.ಯಂತೆ ಸವರುತ್ತಾರೆ. ಹೆರಿಗೆಯಾದ 10-14 ದಿನದ ಹೊತ್ತಿಗೆ ದಿನಕ್ಕೆ 500 ಮಿ.ಲೀ. ಅಥವಾ ಹೆಚ್ಚು ಬರುತ್ತಿದ್ದರೆ ಮುಂದೆ ಮಗು ದೊಡ್ಡದಾದಾಗಲೂ ಸಾಲುತ್ತದೆ. ಬಾಣಂತಿ ನೀರು ಕಡಿಮೆ ಕುಡಿಯಬೇಕು ಎಂಬ ರೂಢಿ ಇನ್ನೂ ಹಲವು ಮನೆಗಳಲ್ಲಿದೆ. ದಯವಿಟ್ಟು ಬಿಡಿ. ಬಾಯಾರಿದಾಗಲೆಲ್ಲ ನೀರು, ಹೊಟ್ಟೆ ತುಂಬ ಊಟ, ಹಗಲಲ್ಲೂ ಒಂದಿಷ್ಟು ನಿದ್ದೆ ಆಕೆಗೆ ಸಿಗಬೇಕು.

ದಿನ ತುಂಬದೆ ಹೆತ್ತ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನೂ ರೋಗ ತಡೆಯುವ ಅಂಶಗಳೂ ಹೆಚ್ಚು. ಇಂಥ ಮಕ್ಕಳನ್ನು ಕಾಡುವ ಎನ್‌ಇಸಿ ಎಂಬ ರೋಗದಲ್ಲಿ ಕರುಳಿನ ಗೋಡೆ ಉರಿಯೂತಕ್ಕೆ ಸಿಕ್ಕಿ ಸಾಯುತ್ತದೆ, ತೂತೂ ಬೀಳಬಹುದು. ಡಬ್ಬಿಹಾಲು ಕುಡಿದ ಮಕ್ಕಳಿಗಿಂತ ಎದೆಹಾಲು ಕುಡಿದವರಲ್ಲಿ ಇದು ಕಡಿಮೆ. ಒಂದೊಂದು ಮಿಲಿಲೀಟರಿಗೂ ಇಷ್ಟು ಪರದಾಡುವುದು ಇದಕ್ಕಾಗಿ.

ಎಷ್ಟು ಕೊಡಬೇಕು? 1500 ಗ್ರಾಂಗಿಂತ ಕಡಿಮೆ ತೂಕದ ಮಗುವಿಗೆ ಮೊದಲು ಸ್ವಲ್ಪ ಕೊಟ್ಟು ನೋಡಿ, ತಡೆದುಕೊಂಡರೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 20-30 ಮಿ.ಲೀ.ಯಂತೆ ಏರಿಸುತ್ತಾರೆ; ಕಿಲೋಗೆ 150ರಿಂದ 180 ಮಿ.ಲೀ. ಮುಟ್ಟಿದರೆ ಪೂರ್ಣ ಹಾಲು. 1200 ಗ್ರಾಂ ಮಗುವಿಗೆ 150ರ ಲೆಕ್ಕದಲ್ಲಿ ದಿನಕ್ಕೆ 180 ಮಿ.ಲೀ., ಅಂದರೆ ಎರಡು ಗಂಟೆಗೊಮ್ಮೆ 15 ಮಿ.ಲೀ. ಮೂರು ಚಮಚದಷ್ಟು. ‘ಇಷ್ಟೇನಾ?’ ಎಂದು ಅಜ್ಜಿಯರು ಗಾಬರಿಯಾಗುವುದು ಸಹಜ, ಆದರೆ ಆ ಹೊಟ್ಟೆಗೆ ಅಷ್ಟೇ ಸರಿ. ಹುಟ್ಟಿದ ಮೇಲೆ ಕೆಲವು ದಿನ ತೂಕ ಇಳಿದು, ಸಾಮಾನ್ಯವಾಗಿ ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತದೆ. ಅಲ್ಲಿಂದ ದಿನಕ್ಕೆ ಕಿಲೋಗೆ 15-20 ಗ್ರಾಂ ಏರಿಕೆ ಸಾಲುತ್ತದೆ.

ಟ್ಯೂಬ್ ಸಾಮಾನ್ಯವಾಗಿ 5 ಅಥವಾ 6 ಫ್ರೆಂಚ್ (ಟ್ಯೂಬ್‌ನ ದಪ್ಪದ ಅಳತೆ) ಗಾತ್ರದ್ದು. ಬಾಯಿಯಿಂದ ಹೊಟ್ಟೆಗೆ ಇಳಿಸುತ್ತಾರೆ. ಅದನ್ನು ಹಾಕುವುದೂ ಸರಿಯಾದ ಜಾಗದಲ್ಲಿದೆಯೇ ಎಂದು ನೋಡುವುದೂ ನರ್ಸ್ ಕೆಲಸ. ತಾಯಿ ಮಾಡಬಹುದಾದದ್ದು ಸಿರಿಂಜ್ ಹಿಡಿಯುವುದು. ಪ್ಲಂಜರ್ ತೆಗೆದ ಸಿರಿಂಜ್‌ಗೆ ಹಾಲು ಹಾಕಿ ಮಗುವಿಗಿಂತ ಸ್ವಲ್ಪ ಮೇಲೆ ಹಿಡಿದರೆ ಹಾಲು ತಾನಾಗಿ ಇಳಿಯುತ್ತದೆ. 10-15 ನಿಮಿಷ ಬೇಕು. ಬೇಗ ಮುಗಿಸಲೆಂದು ಪ್ಲಂಜರ್‌ನಿಂದ ತಳ್ಳಿದರೆ ಹೊಟ್ಟೆ ಒಮ್ಮೆಲೇ ಹಿಗ್ಗಿ ಕಕ್ಕುತ್ತದೆ. ಟ್ಯೂಬ್‌ನಲ್ಲಿ ಹಾಲು ಇಳಿಯುತ್ತಿರುವಾಗ, ಹಾಲು ಹಿಂಡಿ ಬರಿದಾದ ಎದೆಗೆ ಮಗುವನ್ನು ಹಿಡಿದು ಸುಮ್ಮನೆ ಚೀಪಲು ಬಿಟ್ಟರೆ, ಚೀಪುವುದನ್ನೂ ಹೊಟ್ಟೆ ತುಂಬುವುದನ್ನೂ ಒಟ್ಟಿಗೇ ಕಲಿಯುತ್ತದೆ.

ಇನ್ನು ಒಳಲೆ. ದಕ್ಷಿಣ ಭಾರತದ ಐಸಿಯುಗಳಲ್ಲಿ ಪಲಾಡೈ ಎಂದು ಕರೆಯುವ ಉದ್ದ ಮೂತಿಯ ಈ ಪುಟ್ಟ ಪಾತ್ರೆ ನಮ್ಮ ಮನೆಗಳಲ್ಲಿ ಹಿಂದಿನಿಂದಲೂ ಇದೆ. ಬಾಟಲಿಗಿಂತ ಇದು ಮೇಲು: ತೊಳೆಯಲು ಸುಲಭ, ರಬ್ಬರ್ ನಿಪ್ಪಲ್ ಇಲ್ಲದ್ದರಿಂದ ಮಗು ಎದೆ ಚೀಪುವುದನ್ನು ಮರೆಯುವ ಭಯವಿಲ್ಲ. ಆದರೆ ತಪ್ಪಾಗಿ ಬಳಸಿದರೆ ಅಪಾಯವೂ ಇದೆ. ಮಗು ಎಚ್ಚರವಾಗಿರಬೇಕು. ತೊಡೆಯ ಮೇಲೆ ತಲೆ ಮತ್ತು ಭುಜಕ್ಕೆ ಆಸರೆ ಕೊಟ್ಟು, ಅರೆಕುಳಿತ ಭಂಗಿಯಲ್ಲಿ ಹಿಡಿದು, ಗಲ್ಲದ ಕೆಳಗೆ ಬಟ್ಟೆ ಇಡಬೇಕು. ಮೂತಿಯನ್ನು ಕೆಳತುಟಿಯ ಮೇಲೆ, ಬಾಯಿಯ ಮೂಲೆಗೆ ತಾಗಿಸಿ, ಹಾಲು ತುಟಿಗೆ ಮುಟ್ಟುವಷ್ಟೇ ಬಾಗಿಸಬೇಕು. ಮಗು ನುಂಗಿದ್ದು ಕಂಡ ಮೇಲೆ ಮುಂದಿನ ಗುಟುಕು. ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿಯುವ ಹಳೆಯ ಅಭ್ಯಾಸ ಇಲ್ಲಿ ಜೀವಕ್ಕೇ ಮುಳುವಾಗಬಹುದು. ನಿಧಾನಿಸಿದರೆ ಕಿವಿಯ ಹಿಂದೆ ಅಥವಾ ಅಂಗಾಲಿನಲ್ಲಿ ಬೆರಳಾಡಿಸಿ ಎಚ್ಚರಿಸಬಹುದು. 20-30 ನಿಮಿಷದಲ್ಲಿ ಮುಗಿಯದಿದ್ದರೆ ಮಗು ದಣಿದಿದೆ ಎಂದೇ ಅರ್ಥ. ಉಳಿದದ್ದು ಟ್ಯೂಬ್‌ನಲ್ಲಿ ಹೋಗಲಿ. ಕೆಮ್ಮಿದರೆ, ತುಟಿ ನೀಲಿಯಾದರೆ, ಉಸಿರು ತಡೆದರೆ ಕೂಡಲೇ ನಿಲ್ಲಿಸಬೇಕು. ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗಿಸಬೇಕು.

ಅಳತೆಯಲ್ಲೂ ಎಚ್ಚರ ಬೇಕು. ಎಲ್ಲ ಒಳಲೆಯೂ ಒಂದೇ ಗಾತ್ರದ್ದಲ್ಲ, ಆದ್ದರಿಂದ ನಿಮ್ಮದು ಎಷ್ಟು ಹಿಡಿಯುತ್ತದೆ ಎಂದು ಸಿರಿಂಜ್‌ನಿಂದ ನೀರು ಹಾಕಿ ನೋಡಿಟ್ಟುಕೊಳ್ಳಿ. ಬಟ್ಟೆಗೆ ಚೆಲ್ಲಿದ ಹಾಲು ಮಗು ಕುಡಿದ ಲೆಕ್ಕಕ್ಕೆ ಬಾರದು; ತೂಕ ಏರದಿರುವುದಕ್ಕೆ ಇದೂ ಒಂದು ಕಾರಣ. ತವರಿನಿಂದ ಬಂದ ಬೆಳ್ಳಿಯ ಒಳಲೆಯನ್ನೂ ಬಳಸಬಹುದು, ಆದರೆ ಚಿತ್ತಾರದ ಸಂದಿಯಲ್ಲಿ ಹಾಲು ಒಣಗಿ ನಿಲ್ಲುತ್ತದೆ. ನುಣುಪಾದ ಸ್ಟೀಲಿನದೇ ಸುಲಭ. ಪ್ರತಿ ಸಲವೂ ಸೋಪುನೀರಲ್ಲಿ ಉಜ್ಜಿ ತೊಳೆದು, 20 ನಿಮಿಷ ಕುದಿಸಬೇಕು. ಮತ್ತೊಂದು ಮಾತು: ಅದೇ ಒಳಲೆಯಲ್ಲಿ ತೇದ ಬಜೆ, ಹರಳೆಣ್ಣೆ, ಜೇನು, ಸಕ್ಕರೆ ನೀರು ಯಾವುದೂ ಬೇಡ. ಜೇನಿನಿಂದ ಬಾಟ್ಯುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ಬರಬಹುದು. ಮಿಕ್ಕವು ಎಳೆಯ ಕರುಳಿಗೆ ಸೋಂಕು ತರಬಹುದು.

ಹಿಂಡಿದ ಹಾಲನ್ನು ಕುದಿಸಿದ ಸ್ಟೀಲ್ ಬಟ್ಟಲಿನಲ್ಲಿ ಮುಚ್ಚಿಟ್ಟು, ಹೆಸರು, ದಿನಾಂಕ, ಗಂಟೆ ಬರೆಯಬೇಕು. ತಾಜಾ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅಷ್ಟು ನೆಚ್ಚಬೇಡಿ, ಹಿಂಡಿದ ಕೂಡಲೇ ಕೊಡಿ ಅಥವಾ ಫ್ರಿಜ್‌ನಲ್ಲಿಡಿ. ಫ್ರಿಜ್‌ನಲ್ಲಿ ಬಾಗಿಲಿನ ಬಳಿ ಇಡದೆ ಒಳಗಡೆ ಇಟ್ಟರೆ, ಇಂಥ ಮಕ್ಕಳಿಗೆ 24 ಗಂಟೆಯ ಮಿತಿ ಇಟ್ಟುಕೊಳ್ಳುವುದು ಕ್ಷೇಮ. ಬೆಚ್ಚಗಾಗಿಸಲು ಬಟ್ಟಲನ್ನು ಬಿಸಿನೀರಲ್ಲಿ ಇಡಬೇಕು. ಒಲೆಯ ಮೇಲೆ ಕಾಯಿಸಬಾರದು, ಮೈಕ್ರೋವೇವ್ ಬೇಡವೇ ಬೇಡ. ಇಟ್ಟ ಹಾಲಿನಲ್ಲಿ ಕೊಬ್ಬು ಮೇಲೆ ತೇಲಿ ಬಟ್ಟಲಿನ ಗೋಡೆಗೆ ಅಂಟುತ್ತದೆ. ಮೆಲ್ಲನೆ ಸುತ್ತಿಸಿ ಬೆರೆಸದಿದ್ದರೆ ಮಗುವಿಗೆ ಹೋಗುವುದು ತೆಳು ಹಾಲು, ಕ್ಯಾಲರಿ ಬಟ್ಟಲಿನಲ್ಲೇ ಉಳಿಯುತ್ತದೆ.

ತೂಕ ಏರದಿದ್ದರೆ ಮೊದಲು ಈ ಚಿಕ್ಕ ಕಾರಣಗಳನ್ನು ನೋಡಬೇಕು. ತಾಯಿಗೆ ಹಾಲು ಹೆಚ್ಚಿದ್ದರೆ ಮೊದಲು ಬರುವ ತೆಳು ಹಾಲನ್ನು ಬೇರೆ ಹಿಂಡಿಟ್ಟು, ಕೊನೆಯಲ್ಲಿ ಬರುವ ಕೊಬ್ಬಿನ ಹಾಲನ್ನು ಕೊಡುವ ದಾರಿಯಿದೆ. 1500 ಗ್ರಾಂಗಿಂತ ಕಡಿಮೆಯಿರುವ ಮಗುವಿಗೆ ಬೇಕಾದ ಪ್ರೋಟೀನ್ ದಿನಕ್ಕೆ ಕಿಲೋಗೆ 3.5-4.5 ಗ್ರಾಂ, 100 ಮಿ.ಲೀ. ಎದೆಹಾಲಿನಲ್ಲಿ ಇರುವುದು ಸುಮಾರು ಒಂದರಿಂದ ಒಂದೂವರೆ ಗ್ರಾಂ. ಈ ಕೊರತೆ ತುಂಬಲು ವೈದ್ಯರು ಎಚ್‌ಎಂಎಫ್ ಎಂಬ ಪುಡಿ ಬೆರೆಸಲು ಹೇಳಬಹುದು. ಪೊಟ್ಟಣಕ್ಕೆ ಹೇಳಿದಷ್ಟೇ ಹಾಲು ಅಳೆಯಬೇಕು. ಕಡಿಮೆ ಹಾಲಿಗೆ ಇಡೀ ಪೊಟ್ಟಣ ಸುರಿದರೆ ಹಾಲು ವಿಪರೀತ ಗಾಢವಾಗಿ ಕರುಳಿಗೆ ತೊಂದರೆ.

ತಾಯಿಯ ಹಾಲು ಸಾಲದಿದ್ದಾಗ ಎರಡನೆಯ ಆಯ್ಕೆ ದಾನಿ ತಾಯಂದಿರ ಹಾಲು. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಶುರುವಾದದ್ದು ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ ಒಂದಿದೆ. ದಾನಿಗಳಿಗೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿಫಿಲಿಸ್ ಪರೀಕ್ಷೆ ಮಾಡಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ ಕೊಡುತ್ತಾರೆ. ಆ ಬಿಸಿಗೆ ರೋಗಾಣುಗಳ ಜೊತೆ ಕೆಲವು ರಕ್ಷಕ ಅಂಶಗಳೂ ಕುಗ್ಗುತ್ತವೆ, ಹಾಗಾಗಿ ಸ್ವಂತ ತಾಯಿಯ ಹಾಲಿಗೆ ಅದು ಸಮವಲ್ಲ. ನೆರೆಮನೆಯ ಬಾಣಂತಿಯಿಂದ ಪರೀಕ್ಷೆಯಿಲ್ಲದೆ ಹಾಲು ತರುವುದು ಸುರಕ್ಷಿತವಲ್ಲ.

ಹಾಲು ಹೆಚ್ಚಲು ಔಷಧಿ ಕೇಳುವವರಿಗೆ ಮೊದಲು ಹೇಳಬೇಕಾದದ್ದು ಕಾಂಗರೂ ಆರೈಕೆ: ಬರೀ ಮೈಯ ಮಗುವನ್ನು ತಾಯಿಯ ಎದೆಗವಚಿ ನೇರವಾಗಿ ಕಟ್ಟಿಕೊಳ್ಳುವುದು. ದಿನಕ್ಕೆ 8 ಗಂಟೆಯಿಂದ 24 ಗಂಟೆಯವರೆಗೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಇದನ್ನು ದೊಡ್ಡ ಪ್ರಮಾಣದಲ್ಲಿ ಜಾರಿಗೆ ತಂದು ಅಧ್ಯಯನ ಮಾಡಲಾಗಿದೆ. ತಾಯಿ ಮಲಗಿರುವಾಗ ತಂದೆ, ಅಜ್ಜಿಯೂ ಕಟ್ಟಿಕೊಳ್ಳಬಹುದು.

ಹಸಿರು ವಾಂತಿ, ಹೊಟ್ಟೆ ಉಬ್ಬಿ ಬಿಗಿಯಾಗುವುದು, ಮಲದಲ್ಲಿ ರಕ್ತ, ಉಸಿರು ನಿಂತು ನಿಂತು ಬರುವುದು, ನಿನ್ನೆ ಚುರುಕಾಗಿದ್ದ ಮಗು ಇಂದು ಮಂಕಾಗುವುದು: ಇವು ಎನ್‌ಇಸಿ ಅಥವಾ ಸೋಂಕಿನ ಸೂಚನೆ. ಹಾಲು ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಬೇಕು.

ಎದೆಗೆ ಬದಲಾಗುವುದು ಒಂದೇ ದಿನದಲ್ಲಿ ಆಗದು. ಮೊದಲು ದಿನಕ್ಕೊಂದೆರಡು ಸಲ ಎದೆಗೆ ಹಿಡಿದು, ಉಳಿದದ್ದನ್ನು ಒಳಲೆಯಲ್ಲಿ ಕೊಟ್ಟು, ತೂಕ ನೋಡುತ್ತ ಎದೆಯ ಸರದಿ ಹೆಚ್ಚಿಸಬೇಕು. ಹಾಲು ರಭಸವಾಗಿ ಚಿಮ್ಮುತ್ತಿದ್ದರೆ ಸ್ವಲ್ಪ ಹಿಂಡಿ ತೆಗೆದು ಹಿಡಿದರೆ ಮಗುವಿಗೆ ಉಸಿರು ಸಿಗುತ್ತದೆ. ಮಗುವಿನ ಮೈಯನ್ನು ಕಂಕುಳ ಕೆಳಗೆ ತಂದು, ಅಂಗೈಯಿಂದ ಕತ್ತು ಮತ್ತು ಭುಜಕ್ಕೆ ಆಸರೆ ಕೊಟ್ಟು ಹಿಡಿಯುವುದು ಇಂಥ ಪುಟ್ಟ ಮಕ್ಕಳಿಗೆ ಹಿತ. ಮಗು ಪೂರ್ತಿ ಎದೆಯಿಂದಲೇ ಕುಡಿದು ತೂಕ ಏರಿಸುವವರೆಗೆ ಹಿಂಡುವುದನ್ನು ನಿಲ್ಲಿಸಬಾರದು; ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಹಿಂಡುವುದನ್ನು ಬಿಟ್ಟು ಹಾಲು ಬತ್ತಿಸಿಕೊಂಡ ತಾಯಂದಿರು ಬಹಳ.