ಹೊರಗೆ ಮೈನಸ್ 55 ಡಿಗ್ರಿ ಇದ್ದರೂ ವಿಮಾನ ಯಾಕೆ ಕಾಯುತ್ತದೆ?

ಪ್ರಶ್ನೆ: ಅತಿ ವೇಗದ ವಿಮಾನಗಳ ಮೈ ಸುಡುವಷ್ಟು ಕಾಯುತ್ತದೆ ಅಂತಾರೆ. ಆದರೆ ಅಷ್ಟು ಎತ್ತರದಲ್ಲಿ ಕೊರೆಯುವ ಚಳಿ ಅಲ್ವಾ? ಹೊರಗಿನ ಗಾಳಿಯನ್ನೇ ಬಿಟ್ಟುಕೊಂಡು ತಂಪು ಮಾಡಬಾರದೇ?

ಉತ್ತರ: ಆ ಗಾಳಿ ತಣ್ಣಗಿರುವುದು ಸುಮ್ನೆ ನಿಂತವರಿಗೆ ಮಾತ್ರ. ಅಮೆರಿಕದ ಎಸ್‌ಆರ್-71 ಬ್ಲ್ಯಾಕ್‌ಬರ್ಡ್ ನೋಡಿ. 1964ರಲ್ಲಿ ಮೊದಲು ಹಾರಿದ ಈ ಬೇಹುಗಾರಿಕೆ ವಿಮಾನ ಸುಮಾರು 24 ಕಿ.ಮೀ. ಎತ್ತರದಲ್ಲಿ, ಶಬ್ದದ ಮೂರು ಪಟ್ಟಿಗಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿತ್ತು. ಆ ವೇಗಕ್ಕೆ ಎದುರಿನ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೇ ಇರುವುದಿಲ್ಲ, ಅಲ್ಲೇ ಅದುಮಿಕೊಳ್ಳುತ್ತದೆ. ಸೈಕಲ್‌ಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುತ್ತದಲ್ಲ, ಅದೇ ಕಥೆ. ಮ್ಯಾಕ್ 3.2ರಲ್ಲಿ, ಅಂದರೆ ಶಬ್ದದ 3.2 ಪಟ್ಟು ವೇಗದಲ್ಲಿ, ಹೀಗೆ ತಡೆದು ನಿಂತ ಗಾಳಿ ಸುಮಾರು 390 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಅದನ್ನು ಒಳಗೆ ಬಿಟ್ಟುಕೊಂಡರೆ ಕೆಲಸ ಕೆಟ್ಟಂತೆಯೇ.

ಹಾಗಾದರೆ ವಿಮಾನದಲ್ಲಿ ತಣ್ಣಗಿರುವ ವಸ್ತು ಯಾವುದು? ಟ್ಯಾಂಕಿನಲ್ಲಿರುವ ಇಂಧನ, ಅದೊಂದೇ. ಬ್ಲ್ಯಾಕ್‌ಬರ್ಡ್‌ನಲ್ಲಿ ಕಾಕ್‌ಪಿಟ್ಟಿನ ಗಾಳಿ, ಎಂಜಿನ್ ಆಯಿಲ್, ಹೈಡ್ರಾಲಿಕ್ ಎಣ್ಣೆ, ಎಲ್ಲದರ ಬಿಸಿಯನ್ನೂ ಮೊದಲು ಇಂಧನಕ್ಕೆ ದಾಟಿಸುತ್ತಿದ್ದರು. ಆಮೇಲೆ ಅದೇ ಇಂಧನ ಎಂಜಿನ್‌ಗೆ ಹೋಗಿ ಉರಿಯುತ್ತಿತ್ತು. ಮಾಮೂಲಿ ಇಂಧನಕ್ಕೆ ಇದು ಆಗದ ಮಾತು, ಅದಕ್ಕೇ ಜೆಪಿ-7 ಎಂಬ ಬೇರೆ ಇಂಧನ ತಯಾರಿಸಿದರು. ಇದು ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಎಷ್ಟು ಮೊಂಡು ಅಂದರೆ, ಎಂಜಿನ್ ಶುರು ಮಾಡಲು ಟ್ರೈಈಥೈಲ್ ಬೋರೇನ್ ಎಂಬ, ಗಾಳಿ ತಾಗಿದ ಕೂಡಲೇ ಉರಿಯುವ ರಾಸಾಯನಿಕವನ್ನು ಚಿಮ್ಮಿಸಬೇಕಿತ್ತು. ಆಗ ಹಸಿರು ಬೆಳಕು ಮಿಂಚುತ್ತಿತ್ತು. ಮೈ ಕಾದು ಹಿಗ್ಗುವುದಕ್ಕೂ ಜಾಗ ಬಿಡಬೇಕಲ್ಲ. ಹಾಗಾಗಿ ನೆಲದ ಮೇಲೆ ನಿಂತಿದ್ದಾಗ ಟ್ಯಾಂಕಿನ ಸಂದುಗಳಿಂದ ಇಂಧನ ತೊಟ್ಟಿಕ್ಕುತ್ತಲೇ ಇತ್ತು.

ಈ ಏರ್ಪಾಡಿನಲ್ಲಿ ಒಂದು ತಲೆನೋವಿದೆ. ಹಾರುತ್ತಾ ಹೋದಂತೆ ಇಂಧನ ಖಾಲಿಯಾಗುತ್ತದೆ, ಬಿಸಿ ಹೀರುವ ಶಕ್ತಿಯೂ ಅದರ ಜೊತೆ ಕರಗುತ್ತದೆ. ಇಳಿಯುವಾಗ ಇನ್ನೂ ಕಷ್ಟ. ಎಂಜಿನ್‌ಗೆ ಆಗ ಇಂಧನ ಕಡಿಮೆ ಸಾಕು, ಆದರೆ ವಿಮಾನದ ಮೈ ಇನ್ನೂ ಆರಿರುವುದಿಲ್ಲ.

ಮ್ಯಾಕ್ 5 ದಾಟಿದರೆ ಸಾಮಾನ್ಯವಾಗಿ ಸ್ಕ್ರಾಮ್‌ಜೆಟ್ ಬೇಕು, ಅಂದರೆ ಶಬ್ದಕ್ಕಿಂತ ವೇಗವಾಗಿ ಒಳನುಗ್ಗುವ ಗಾಳಿಯಲ್ಲೇ ಇಂಧನ ಉರಿಸುವ ಎಂಜಿನ್. 2013ರಲ್ಲಿ ಮ್ಯಾಕ್ 5.1 ಮುಟ್ಟಿದ ಅಮೆರಿಕದ ಎಕ್ಸ್-51ಎ ಎಂಬ ಪ್ರಾಯೋಗಿಕ ವಿಮಾನ ಕೂಡ ಅದೇ ಜೆಪಿ-7 ಅನ್ನು ಎಂಜಿನ್ ಗೋಡೆಗಳೊಳಗೆ ಹರಿಸಿ ತಂಪು ಮಾಡಿಕೊಂಡಿತು. ನಮ್ಮ ಹೈದರಾಬಾದಿನ ರಕ್ಷಣಾ ಪ್ರಯೋಗಾಲಯ ಡಿಆರ್‌ಡಿಎಲ್ 2025ರ ಜನವರಿಯಲ್ಲಿ ಇಂಥ ಇಂಧನ-ತಂಪಿನ ದಹನಕೋಣೆಯನ್ನು ನೆಲದ ಮೇಲೆ 120 ಸೆಕೆಂಡ್ ಓಡಿಸಿ ನೋಡಿತು.

ಇಂಥ ವಿಮಾನಕ್ಕೆ ಕರೆಂಟ್ ಎಲ್ಲಿಂದ ಅಂತ ಜನ ಕೇಳುವುದು ಕಡಿಮೆ, ನನಗೆ ಮಾತ್ರ ಅದೇ ಹೆಚ್ಚು ಕುತೂಹಲ. ಬ್ಲ್ಯಾಕ್‌ಬರ್ಡ್‌ನ ಎಂಜಿನ್‌ನಲ್ಲಿ ತಿರುಗುವ ದಂಡವಿತ್ತು, ಅದಕ್ಕೆ ಜನರೇಟರ್ ಜೋಡಿಸಿದ್ದರು. ಸ್ಕ್ರಾಮ್‌ಜೆಟ್‌ನಲ್ಲಿ ತಿರುಗುವ ಭಾಗವೇ ಇಲ್ಲ! ಕೆಲವೇ ನಿಮಿಷದ ಹಾರಾಟಕ್ಕೆ ಬ್ಯಾಟರಿ ನಡೆಯುತ್ತದೆ. ಗಂಟೆಗಟ್ಟಲೆ ಹಾರುವ ವಿಮಾನಕ್ಕೆ ಬ್ಯಾಟರಿಯ ಭಾರವೇ ಹೊರೆ. ಮೇಲಾಗಿ ರೇಡಾರ್, ಕಂಪ್ಯೂಟರ್ ತಿಂದ ಕರೆಂಟೂ ಬಹುಪಾಲು ಬಿಸಿಯಾಗಿಯೇ ಹೊರಬರುತ್ತದೆ, ಆ ಬಿಸಿಯನ್ನೂ ಇಂಧನವೇ ಹೊರಬೇಕು. ಅದಕ್ಕೇ ಸಂಶೋಧಕರು ಇನ್ನೊಂದು ದಾರಿ ಹುಡುಕುತ್ತಿದ್ದಾರೆ. ಎಂಜಿನ್ ಗೋಡೆಯ ಬಿಸಿ ಹೀರಿ ಆವಿಯಾದ ಇಂಧನದಿಂದಲೇ ಪುಟ್ಟ ಟರ್ಬೈನ್ ತಿರುಗಿಸಿ ಕರೆಂಟ್ ತೆಗೆದು, ಆಮೇಲೆ ಆ ಇಂಧನವನ್ನು ಉರಿಸುವುದು.